ಪರದೆಯ ಒಳಗೆ, ಪರದೆಯ ಹೊರಗೆ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಬಚ್ಚಲಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಎಂಬತ್ತು ಸಮೀಪಿಸಿದ ವಯಸ್ಸು. ಮುಂಬಯಿಯ ರಾತ್ರಿಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಮಕ್ಕಳಿಬ್ಬರೂ ಹೊರದೇಶದಲ್ಲಿ. ಹೀಗಾಗಿ ಅವರ ಹಾಸಿಗೆಯ ಪಕ್ಕದಲ್ಲಿ ಕೂರುವ ಸರದಿ ನಮ್ಮ ಪಾಲಿಗೆ ಬಂತು. ಹಗಲು ನಾವು ಇಬ್ಬರು ಮೂವರು ಇರುತ್ತಿದ್ದೆವು. ರಾತ್ರಿ ವಾರ್ಡಿನಲ್ಲಿ ಯಾರನ್ನೂ ಇರಗೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ರಾತ್ರಿ ಅವರಿಗೆ ಅವಸರವಾಗಿತ್ತು. ಓಡಾಡುತ್ತಿದ್ದ ಮಾವ್ಶಿಯನ್ನು ಕರೆದು ‘ಬಹಿರ್ದೆಸೆ’ ಎಂದಿದ್ದಾರೆ. ಬದುಕಿಡೀ ಸಭ್ಯ ಮಾತನ್ನೇ ಆಡಿದ ಮನುಷ್ಯನಿಗೆ ಆ ಹೊತ್ತಿನಲ್ಲಿ ಬೇರೆ ಮಾತು ಹೊಳೆಯಲಿಲ್ಲ. ಆಕೆಗೆ ಅರ್ಥವಾಗಲಿಲ್ಲ. ಮುಂದೆ ಆದದ್ದನ್ನು ಹೇಳಬೇಕಾಗಿಲ್ಲ. ನಮಗೆ ವಾಸನೆಯಿಂದಲೇ ತಿಳಿಯಿತು.

ಅಷ್ಟರಲ್ಲಿ ಟ್ರಾಲಿ ತಳ್ಳಿಕೊಂಡು ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಬಂದಳು. ಹತ್ತೊಂಬತ್ತು ಮೀರಿದ ವಯಸ್ಸಲ್ಲ. ಎರಡು ಬೇಸಿನ್ನು, ಬಿಸಿನೀರಿನ ಜಗ್ಗು, ಟವೆಲ್ಲುಗಳು, ಹಾಸಿಗೆ ನೆನೆಯದಂತೆ ಕೆಳಗೆ ಹಾಕುವ ರಬ್ಬರಿನ ಮ್ಯಾಕಿಂತೋಷು. ಹಿಂದೆ ಅವಳ ಅಧ್ಯಾಪಕಿ, ಕೈಯಲ್ಲೊಂದು ದಾಖಲೆ ಪುಸ್ತಕ. ಹುಡುಗಿ ಪರದೆ ಎಳೆದಳು. ನಾವು ಮೂವರು, ಅವರಿಂದ ಪಾಠ ಹೇಳಿಸಿಕೊಂಡ ಇಬ್ಬರೂ ಸೇರಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಬಂದೆವು. ಬರುವಾಗ ನಮ್ಮಲ್ಲೊಬ್ಬರು ‘ಚೆನ್ನಾಗಿ ತೊಳಿ’ ಎಂದು ಹಿಂದಿಯಲ್ಲಿ ಹೇಳಿಯೂ ಬಂದರು.

ಪರದೆಯ ಆಚೆ ಮೊದಲು ಮರಾಠಿಯಲ್ಲಿ ಎರಡು ಪ್ರಶ್ನೆ ಕೇಳಿಸಿತು. ಉತ್ತರವಿಲ್ಲ. ಆಮೇಲೆ ಮೇಷ್ಟ್ರು ‘ಅಯ್ಯೋ ಶಿವನೇ’ ಎಂದದ್ದು, ಅದಾದ ಕೂಡಲೇ ಹುಡುಗಿಯ ದನಿ: ‘ಮುತ್ಯಾ, ಕನ್ನಡದಾವ್ರೇನ್ರಿ? ನಾನೂ ಅಕ್ಕಲಕೋಟಿ ಕಡಿಯಾಕಿ.’ ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ‘ನಾಚಿಕಿ ಮಾಡ್ಕೋಬ್ಯಾಡ್ರಿ. ಬ್ಯಾನಿ ಆದ್ರ ಹೇಳ್ರಿ.’ ಪರದೆ ಸರಿದಾಗ ಮೇಷ್ಟ್ರು ಶುಭ್ರವಾದ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಅಧ್ಯಾಪಕಿ ಪುಸ್ತಕದಲ್ಲಿ ಸಹಿ ಹಾಕಿದರು. ಒಂದು ‘ಬೆಡ್ ಬಾತ್’ ಲೆಕ್ಕಕ್ಕೆ ಸೇರಿತು.

ಮಧ್ಯಾಹ್ನ ಮೊಗಸಾಲೆಯಲ್ಲಿ ಅವಳು ಕಂಡಳು. ಕೃತಜ್ಞತೆ ಹೇಳಿದೆವು. ಊಟ ಮಾಡಿರಲಿಲ್ಲವಂತೆ, ಮಾಡಲಾಗಲಿಲ್ಲವಂತೆ. ಗಂಡಸಿನ ಮೈಯನ್ನು ಹಾಗೆ ತೊಳೆದದ್ದು ಅದೇ ಮೊದಲು. ‘ಮೈ ತೊಳಿಯೋದು ಕಲಿಸ್ಯಾರ್ರಿ,’ ಎಂದಳು. ‘ತೊಳಿಯೋವಾಗ ನಮಗ ಏನರೆ ಆದ್ರ ಏನ್ ಮಾಡಬೇಕು ಅನ್ನೋದು ಕಲಿಸಿಲ್ರಿ.’

ಈ ಲೇಖನ ಆ ಒಂದು ಮಾತಿನ ಬಗ್ಗೆ.

ನರ್ಸಿಂಗ್ ಶಿಕ್ಷಣದಲ್ಲಿ ಕೈಗೆ ಕಲಿಸುವ ಪಾಠ ಅತ್ಯಂತ ಕ್ರಮಬದ್ಧವಾದುದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶಾಲೆ ತೆರೆದಂದಿನಿಂದ ಅದು ಬೆಳೆದುಬಂದಿದೆ. ನಮ್ಮಲ್ಲಿ 1947ರ ಕಾಯಿದೆಯ ಮೂಲಕ ಭಾರತೀಯ ನರ್ಸಿಂಗ್ ಪರಿಷತ್ತು ರೂಪುಗೊಂಡಿತು. ಮೂರು ವರ್ಷದ ಡಿಪ್ಲೊಮಾ ಇರಲಿ, ನಾಲ್ಕು ವರ್ಷದ ಪದವಿ ಇರಲಿ, ಮೊದಲ ವರ್ಷದಲ್ಲಿಯೇ ಹಾಸಿಗೆ ಹಾಸುವುದು, ಮೈ ಒರೆಸುವುದು, ಬಾಯಿ ಶುಚಿ ಮಾಡುವುದು, ಬೆಡ್‌ಪ್ಯಾನ್ ಕೊಡುವುದು ಬರುತ್ತವೆ. ಮೊದಲು ಗೊಂಬೆಯ ಮೇಲೆ, ಆಮೇಲೆ ಮನುಷ್ಯರ ಮೇಲೆ.

ಆ ಕ್ರಮದಲ್ಲಿ ಎಷ್ಟೊಂದು ವಿವೇಕ ಅಡಗಿದೆ ಎಂಬುದನ್ನು ಹೊರಗಿನವರಾದ ನಾವು ತಿಳಿದರೆ ಬೆರಗಾಗುತ್ತದೆ. ಮೊದಲು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಪರದೆ ಎಳೆಯಬೇಕು. ನೀರಿನ ಬಿಸಿ ನೋಡಬೇಕು. ಕಣ್ಣಿನಿಂದ ಆರಂಭ, ಮೂಗಿನ ಬದಿಯ ಮೂಲೆಯಿಂದ ಹೊರಗಿನ ಮೂಲೆಯತ್ತ, ಒಂದೊಂದು ಕಣ್ಣಿಗೂ ಬಟ್ಟೆಯ ಬೇರೆ ಬೇರೆ ಭಾಗ. ಆಮೇಲೆ ಮುಖ, ತೋಳು, ಎದೆ, ಹೊಟ್ಟೆ, ಕಾಲು, ಬೆನ್ನು, ಗುಹ್ಯಭಾಗ ಕೊನೆಗೆ. ನೀರು ತಣ್ಣಗಾದರೆ, ಕೊಳೆಯಾದರೆ ಬದಲಿಸಬೇಕು. ತೊಳೆಯುತ್ತಿರುವ ಭಾಗವನ್ನಷ್ಟೇ ತೆರೆಯಬೇಕು, ಉಳಿದ ಮೈ ಮುಚ್ಚಿರಬೇಕು. ಬೆನ್ನಿನ ಕೆಳಭಾಗ, ಹಿಮ್ಮಡಿ, ಮೊಣಕೈ, ಭುಜದ ಮೂಳೆ ಇವುಗಳ ಮೇಲಿನ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಹಾಸಿಗೆಹುಣ್ಣು ಶುರುವಾಗುವುದು ಅಲ್ಲಿಯೇ. ಮೈ ಒರೆಸುವುದು ಎಂದರೆ ಕೊಳೆ ತೆಗೆಯುವುದಷ್ಟೇ ಅಲ್ಲ. ಉಸಿರಾಟ, ಊತ, ಗಾಯ, ನೋವು, ಮನಸ್ಸಿನ ಸ್ಥಿತಿ ಎಲ್ಲವನ್ನೂ ಒಂದೇ ಬಾರಿಗೆ ಓದಿಕೊಳ್ಳುವ ಹೊತ್ತು ಅದು.

ಆದರೆ ಗೊಂಬೆಗೆ ವಾಸನೆಯಿಲ್ಲ. ಗೊಂಬೆ ನಾಚುವುದಿಲ್ಲ, ಅಳುವುದಿಲ್ಲ, ಬೈಯುವುದಿಲ್ಲ, ಕೈ ಹಿಡಿದುಕೊಳ್ಳುವುದಿಲ್ಲ. ಹಳ್ಳಿಯಿಂದಲೋ ಸಣ್ಣ ಪಟ್ಟಣದಿಂದಲೋ ಬಂದ, ಅಪ್ಪನ ಎದುರು ಕುಳಿತು ಮಾತಾಡಲೂ ಸಂಕೋಚಪಡುವ ಮನೆಯಲ್ಲಿ ಬೆಳೆದ ಹುಡುಗಿ ಗೊಂಬೆಯಿಂದ ಮನುಷ್ಯನಿಗೆ ದಾಟುವಾಗ ಅವಳೊಳಗೆ ಏನೇನು ನಡೆಯುತ್ತದೆ? ಮೊದಲನೆಯದು ನಾಚಿಕೆ, ಅದು ಅವಳದೂ ಹೌದು, ರೋಗಿಯದೂ ಹೌದು. ಎರಡು ನಾಚಿಕೆಗಳು ಒಂದೇ ಪರದೆಯೊಳಗೆ ಎದುರುಬದುರಾಗುತ್ತವೆ. ಎರಡನೆಯದು ಹೇಸಿಗೆ. ಹೇಸಿಗೆ ಬುದ್ಧಿಯ ಅಪ್ಪಣೆ ಕೇಳಿ ಬರುವಂಥದಲ್ಲ. ಆದರೆ ಅದು ಮುಖದ ಮೇಲೆ ಮೂಡಬಾರದು, ಮೂಡಿದರೆ ಮಲಗಿರುವವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆದ್ದರಿಂದ ಹೇಸಿಗೆಯ ಬೆನ್ನಿಗೇ ‘ನನಗೆ ಹೀಗೇಕೆ ಅನ್ನಿಸಿತು, ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ’ ಎಂಬ ಅಪರಾಧಭಾವ ಬರುತ್ತದೆ. ಮೂರನೆಯದು ಭಯ: ನೋಯಿಸಿಬಿಟ್ಟೇನೇ, ಕ್ಯಾಥೆಟರು ಎಳೆದುಬಿಟ್ಟೇನೇ. ಇನ್ನೊಂದು ಭಯವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೈ ಮುಟ್ಟುವ ಕೆಲಸವನ್ನು ತಪ್ಪಾಗಿ ಓದಿಕೊಳ್ಳುವ, ಕೈ ಚಾಚುವ, ಕೊಂಕು ನುಡಿಯುವ ರೋಗಿಗಳೂ ಇರುತ್ತಾರೆ. ಅಂಥ ಹೊತ್ತಿನಲ್ಲಿ ಹಿಂದೆ ಸರಿದು ಹಿರಿಯರನ್ನು ಕರೆಯುವುದು ಅವಳ ಹಕ್ಕು. ಅದು ಹಕ್ಕೆಂದು ಅವಳಿಗೆ ಮೊದಲೇ ಹೇಳಿರಬೇಕು.

ಕೊನೆಯದಾಗಿ, ಇವೆಲ್ಲದರ ನಡುವೆ ಒಂದು ಮಮತೆಯೂ ಹುಟ್ಟುತ್ತದೆ. ತೊಳೆದು ಒಣಗಿಸಿ ಹೊಸ ಬಟ್ಟೆ ತೊಡಿಸಿದ ಮೇಲೆ ಮುದುಕನೊಬ್ಬ ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟಾಗ ಆಗುವ ಸಂತೋಷವದು. ಮರುವಾರ ಆ ಹಾಸಿಗೆ ಬರಿದಾಗಿರುವುದನ್ನು ಕಂಡರೆ ಅದೇ ಮಮತೆ ದುಃಖವಾಗುತ್ತದೆ. ಸತ್ತವರ ಮೈಯನ್ನು ಶುಚಿ ಮಾಡಿ ಮನೆಯವರಿಗೊಪ್ಪಿಸುವುದೂ ಅವಳ ಪಠ್ಯದ ಭಾಗವೇ. ಆ ದುಃಖವನ್ನು ಎಲ್ಲಿಡಬೇಕೆಂಬುದು ಮಾತ್ರ ಪಠ್ಯದಲ್ಲಿಲ್ಲ.

ಹುಡುಗರ ಪಾಡು ಇನ್ನೊಂದು ಬಗೆಯದು. ನರ್ಸಿಂಗ್ ಓದಲು ಬಂದ ಹುಡುಗನನ್ನು ಹೆಂಗಸರ ವಾರ್ಡಿನಲ್ಲಿ ಅನುಮಾನದಿಂದ ನೋಡುತ್ತಾರೆ, ಗಂಡಸರ ವಾರ್ಡಿನಲ್ಲಿ ವಾರ್ಡ್‌ಬಾಯ್ ಎಂದುಕೊಳ್ಳುತ್ತಾರೆ. ಮಮತೆಯಿಂದ ಮುಟ್ಟುವ ಗಂಡಸಿನ ಕೈಗೆ ನಮ್ಮ ಸಮಾಜದಲ್ಲಿ ಹೆಸರೇ ಇಲ್ಲ.

ಇದೆಲ್ಲ ಕಲಿಯುವವರ ವೈಯಕ್ತಿಕ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. 1960ರ ಸುಮಾರಿಗೆ ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದರು. ಅಲ್ಲಿ ತರಬೇತಿಗೆ ಸೇರಿದ ನರ್ಸುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ನಡುವಿನಲ್ಲಿಯೇ ಬಿಟ್ಟುಹೋಗುತ್ತಿದ್ದರು. ಆಕೆ ಕಂಡುಕೊಂಡದ್ದು ಇಷ್ಟು: ನರಳುವ ಮೈಯ ಹತ್ತಿರವಿರುವುದು ಎಂಥವರಲ್ಲೂ ಕಳವಳ ಹುಟ್ಟಿಸುತ್ತದೆ, ಆ ಕಳವಳವನ್ನು ಎದುರಿಸಲು ನೆರವಾಗುವ ಬದಲು ಆಸ್ಪತ್ರೆ ಅದನ್ನು ತಪ್ಪಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿರುತ್ತದೆ. ಒಬ್ಬ ರೋಗಿಯ ಪೂರ್ತಿ ಆರೈಕೆಯನ್ನು ಒಬ್ಬರಿಗೆ ಕೊಡದೆ, ಇಡೀ ವಾರ್ಡಿನ ಒಂದೊಂದು ಕೆಲಸವನ್ನು ಒಬ್ಬೊಬ್ಬರಿಗೆ ಹಂಚುವುದು. ರೋಗಿಯನ್ನು ಹೆಸರಿನಿಂದ ಕರೆಯದೆ ಕಾಯಿಲೆಯಿಂದಲೋ ಹಾಸಿಗೆಯ ಸಂಖ್ಯೆಯಿಂದಲೋ ಗುರುತಿಸುವುದು. ಭಾವನೆ ತೋರಿದರೆ ಶಿಸ್ತಿಲ್ಲವೆನ್ನುವುದು. ವ್ಯವಸ್ಥೆಗೆ ಇದರಿಂದ ನೆಮ್ಮದಿ ಸಿಕ್ಕೀತು. ಆದರೆ ಸೂಕ್ಷ್ಮ ಮನಸ್ಸಿನ ಹುಡುಗಿಯರು ತಾವು ಯಾವುದಕ್ಕಾಗಿ ಬಂದೆವೋ ಅದೇ ಇಲ್ಲಿಲ್ಲವೆಂದು ಹೊರಟುಹೋಗುತ್ತಿದ್ದರು. ‘ಹನ್ನೆರಡನೇ ಬೆಡ್ಡಿನ ಹಿಪ್ ಫ್ರ್ಯಾಕ್ಚರ್’ ಎಂದು ನಮ್ಮ ಮೇಷ್ಟ್ರನ್ನು ಕರೆದದ್ದನ್ನು ನಾವೇ ಕೇಳಿದ್ದೇವೆ. ಅರವತ್ತು ವರ್ಷ ಕಳೆದಿವೆ, ಸಾಗರ ದಾಟಿ ಬಂದಿದ್ದೇವೆ. ಆ ಅಭ್ಯಾಸ ಬದಲಾಗಿಲ್ಲ.

1983ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹೊಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಕುರಿತ ಪುಸ್ತಕದಲ್ಲಿ, ಒಳಗಿನ ಭಾವವನ್ನು ಅದುಮಿ ಕೆಲಸಕ್ಕೆ ಬೇಕಾದ ಭಾವವನ್ನು ಮುಖಕ್ಕೆ ತಂದುಕೊಳ್ಳುವುದೂ ಒಂದು ದುಡಿಮೆಯೇ ಎಂದು ತೋರಿಸಿದರು. 1991ರಲ್ಲಿ ಆಸ್ಟ್ರೇಲಿಯಾದ ಜಾಸ್ಲಿನ್ ಲಾಲರ್, ಸ್ವತಃ ನರ್ಸಾಗಿದ್ದವರು, ಪರದೆಯ ಹಿಂದೆ ನಡೆಯುವುದನ್ನೇ ಅಧ್ಯಯನ ಮಾಡಿದರು. ಇನ್ನೊಬ್ಬರ ಮೈಯನ್ನು ಶುಚಿ ಮಾಡುವುದು ಸಮಾಜ ಮುಚ್ಚಿಟ್ಟ ಕೆಲಸ. ಮಾತಾಡಬಾರದ ವಿಷಯವಾದ್ದರಿಂದ ಅದರ ನೈಪುಣ್ಯವೂ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ ಎಂಬುದು ಅವರ ವಾದದ ತಿರುಳು. ನುರಿತ ನರ್ಸುಗಳು ಮುಜುಗರದ ಘಟನೆಯನ್ನು ಒಂದು ಹಗುರ ಮಾತಿನಿಂದ ಚಿಕ್ಕದು ಮಾಡಿಬಿಡುತ್ತಾರೆ ಎಂದೂ ಅವರು ಗುರುತಿಸಿದ್ದಾರೆ. ‘ನಾಚಿಕಿ ಮಾಡ್ಕೋಬ್ಯಾಡ್ರಿ’ ಎಂದ ಆ ಅಕ್ಕಲಕೋಟೆಯ ಹುಡುಗಿ ಆ ವಿದ್ಯೆಯ ಮೊದಲ ಅಕ್ಷರವನ್ನು ತಾನೇ ಕಂಡುಕೊಂಡಿದ್ದಳು.

ಹೊರನಾಡಿನವರ ಹೇಳಿಕೆಗಳನ್ನು ಹೀಗೆ ಉದಾಹರಿಸುವಾಗ ನಮ್ಮ ನೆಲದ ಪ್ರಶ್ನೆಯನ್ನು ಮರೆಯಬಾರದು. ಮಲಮೂತ್ರ, ರಕ್ತ, ಬೆವರು ಇವು ನಮ್ಮಲ್ಲಿ ಬರಿಯ ಕೊಳೆಯಲ್ಲ, ಮೈಲಿಗೆ. ಮೈಲಿಗೆಯನ್ನು ಮುಟ್ಟುವವರು ಯಾರು ಎಂಬುದನ್ನು ಜಾತಿ ಎಂದೋ ಗೊತ್ತುಮಾಡಿಟ್ಟಿದೆ. ಬಹುಕಾಲ ಈ ವೃತ್ತಿಗೆ ಹೆಣ್ಣುಮಕ್ಕಳನ್ನು ಕಳಿಸಲು ನಮ್ಮ ಅನೇಕ ‘ಮರ್ಯಾದಸ್ಥ’ ಮನೆಗಳು ಹಿಂಜರಿದದ್ದಕ್ಕೆ ರಾತ್ರಿಪಾಳಿ, ಪರಪುರುಷರ ಸ್ಪರ್ಶ ಎಷ್ಟು ಕಾರಣವೋ ಈ ಮೈಲಿಗೆಯ ಭಯವೂ ಅಷ್ಟೇ ಕಾರಣ. ಕೇರಳದ, ಕರಾವಳಿಯ ಕ್ರೈಸ್ತ ಮನೆತನಗಳ ಹೆಣ್ಣುಮಕ್ಕಳು ದೇಶದ ಆಸ್ಪತ್ರೆಗಳನ್ನು ಹೊತ್ತು ನಡೆಸಿದರು. ನಾವು ಅವರನ್ನು ‘ಸಿಸ್ಟರ್’ ಎಂದು ಕರೆದೆವು, ನಮ್ಮ ತಂಗಿಯರನ್ನು ಮಾತ್ರ ಕಳಿಸಲಿಲ್ಲ. ಇಂದು ಕಾಲ ಬದಲಾಗಿದೆ. ಎಲ್ಲ ಜಾತಿಗಳ ಮಕ್ಕಳೂ ಓದುತ್ತಿದ್ದಾರೆ. ಆದರೆ ಒಳಗಿನ ಹಳೆಯ ಪಾಠ ಅಷ್ಟು ಬೇಗ ಅಳಿಸುವುದಿಲ್ಲ. ಮೊದಲ ಬಾರಿಗೆ ಬೆಡ್‌ಪ್ಯಾನ್ ಎತ್ತುವ ವಿದ್ಯಾರ್ಥಿ ವಾಸನೆಯೊಂದಿಗೇ ಸೆಣಸುವುದಿಲ್ಲ, ಅಜ್ಜಿಯ ದನಿಯೊಂದಿಗೂ ಸೆಣಸುತ್ತಾಳೆ.

ಇನ್ನೊಂದು ಕಡೆ, ಮೈಯ ಆರೈಕೆ ನಮ್ಮ ಮನೆಗಳಿಗೆ ಅಪರಿಚಿತವೂ ಅಲ್ಲ. ಬಾಣಂತನ ಮಾಡಿದ ಹೆಂಗಸರನ್ನು ಕೇಳಿ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಚಾಚಿದ ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುವುದು, ಇವು ಕಣ್ಣಿನಿಂದ, ಕೈಯಿಂದ, ಮಾತಿನಿಂದ ಕಲಿತು ಬಂದ ವಿದ್ಯೆ. ಅಲ್ಲಿ ಕಲಿಯುವವಳು ಒಂಟಿಯಾಗಿರುತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆಯೋ ಅಜ್ಜಿಯೋ ಕುಳಿತು ಹೇಳುತ್ತಿದ್ದರು, ನಗುತ್ತಿದ್ದರು, ಗದರುತ್ತಿದ್ದರು. ನರ್ಸಿಂಗ್ ವಿದ್ಯಾರ್ಥಿನಿ ಮುಟ್ಟಬೇಕಾದದ್ದು ಬಂಧುವನ್ನಲ್ಲ, ಅಪರಿಚಿತನನ್ನು. ಜೊತೆಗೆ ಅವಳ ಪಕ್ಕ ಕುಳಿತು ಮಾತಾಡುವವರೂ ಇಲ್ಲ.

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ನಮ್ಮ ಇಂದಿನ ಪರೀಕ್ಷೆಗಳು ಮೊದಲನೆಯದನ್ನೂ ಎರಡನೆಯದನ್ನೂ ನಾಲ್ಕನೆಯದನ್ನೂ ಅಳೆಯುತ್ತವೆ. ಮೂರನೆಯದು ತಾನಾಗಿಯೇ ಇರುತ್ತದೆಂದು ಭಾವಿಸಿಕೊಂಡಿವೆ. ಅನುರಾಗವೆಂಬುದು ಹುಟ್ಟುಗುಣವೆಂದೂ, ಹೆಣ್ಣಾದ ಮೇಲೆ ಇದ್ದೇ ಇರುತ್ತದೆಂದೂ ತಿಳಿದಿರುವ ಈ ನಂಬಿಕೆಯೇ ತೊಡಕಿನ ಮೂಲ.

ಕನ್ನಡ ಸಾಹಿತ್ಯದ ಓದುಗರಿಗೆ ಇಲ್ಲೊಂದು ಕೃತಿ ನೆನಪಾಗದೆ ಇರದು. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ ಆರಂಭವಾಗುವುದೇ ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಯ ಮೈಗೆ ನೀರೆರೆಯುವುದರಿಂದ. ಆ ದಿನನಿತ್ಯದ ಸೇವೆ ಅವರ ಪಾಲಿಗೆ ತಮ್ಮ ಆತ್ಮವನ್ನು ಹದಗೊಳಿಸುವ ಸಾಧನೆ. ಕಾದಂಬರಿಯ ಚರ್ಚೆಗಳಲ್ಲಿ ಅಗ್ರಹಾರ, ಧರ್ಮಸಂಕಟ, ಚಂದ್ರಿ ಎಲ್ಲವೂ ಬರುತ್ತವೆ. ಭಾಗೀರಥಿಗೆ ಆ ಸ್ನಾನ ಹೇಗಿತ್ತು ಎಂದು ಕೇಳುವುದು ಅಪರೂಪ. ಸೇವೆಯನ್ನು ಪುಣ್ಯವೆಂದು ಬಗೆದ ಕೂಡಲೇ ಕಣ್ಣು ಮಲಗಿದವರಿಂದ ಸರಿದು ಸೇವೆ ಮಾಡುವವರ ಸದ್ಗತಿಯ ಮೇಲೆ ನೆಡುತ್ತದೆ. ನರ್ಸುಗಳನ್ನು ‘ದೇವತೆ’ ಎಂದು ಹೊಗಳುವ ನಮ್ಮ ಭಾಷಣಗಳಲ್ಲಿಯೂ ಇದೇ ದೋಷವಿದೆ. ದೇವತೆಗೆ ಹೇಸಿಗೆಯಾಗುವುದಿಲ್ಲ, ನಾಚಿಕೆಯಾಗುವುದಿಲ್ಲ, ಊಟ ಸೇರದೆ ಹೋಗುವುದಿಲ್ಲ. ದೇವತೆಯೆಂದು ಕರೆಸಿಕೊಂಡವಳು ಇದಾವುದನ್ನೂ ಹೇಳಿಕೊಳ್ಳುವಂತಿಲ್ಲ. ‘ಚೆನ್ನಾಗಿ ತೊಳಿ’ ಎಂದು ಆಜ್ಞಾಪಿಸುವಾಗ ನಾವು ಅವಳನ್ನು ಆಳೆಂದು ಭಾವಿಸಿರುತ್ತೇವೆ. ಆಳಿಗೆ ಮನಸ್ಸಿದೆಯೆಂದು ಯಾರೂ ನೆನೆಯುವುದಿಲ್ಲ. ದೇವತೆ, ಆಳು ಎಂಬ ಎರಡು ಮಾತುಗಳ ನಡುವೆ, ಒಂದು ಕಠಿಣ ವಿದ್ಯೆಯನ್ನು ಕಲಿಯುತ್ತಿರುವ ಮನುಷ್ಯಳಿಗೆ ನಾವು ಜಾಗವನ್ನೇ ಉಳಿಸಿಲ್ಲ.

ಆ ವಿದ್ಯೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮುಂಬಯಿಯಲ್ಲಿರುವ ನಮಗೆ ಪುಸ್ತಕ ನೋಡಬೇಕಾಗಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಬರ್ಬರ ಹಲ್ಲೆ ನಡೆಸಿದ. ಮಿದುಳಿಗೆ ಪೆಟ್ಟಾಗಿ ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಗಿಲಾಗಿ, ಅವರಿಗೆ ಉಣ್ಣಿಸಿದವರು, ಮೈ ತೊಳೆದವರು, ಮಗ್ಗುಲು ಬದಲಿಸಿದವರು ಆ ಆಸ್ಪತ್ರೆಯ ನರ್ಸುಗಳು. ಹಲ್ಲೆಯ ಬಳಿಕ ನಗರದ ನರ್ಸುಗಳು ಸುರಕ್ಷತೆಗಾಗಿ ಮುಷ್ಕರ ಹೂಡಿದರು. ಮುಂದೆ ಅವರನ್ನು ಅಲ್ಲಿಂದ ಬೇರೆಡೆಗೆ ಸಾಗಿಸುವ ಪ್ರಯತ್ನವಾದಾಗಲೂ ಪ್ರತಿಭಟಿಸಿ ತಡೆದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದಯಾಮರಣದ ಕೋರಿಕೆಯನ್ನು ತಿರಸ್ಕರಿಸುವಾಗ ಈ ಆರೈಕೆಯನ್ನು ಮನಸಾರೆ ಶ್ಲಾಘಿಸಿತು. ದಶಕಗಳ ಕಾಲ ಹಾಸಿಗೆ ಹಿಡಿದ ಮೈಯ ಮೇಲೆ ಹಾಸಿಗೆಹುಣ್ಣು ಆಗದಂತೆ ನೋಡಿಕೊಂಡ ಸಂಗತಿ ಆಗ ದೇಶಕ್ಕೆಲ್ಲ ತಿಳಿಯಿತು.

ಹಾಗೆ ಬದುಕಿಸಿಡುವುದು ಸರಿಯೇ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಅದು ಬೇರೆ ವಿಷಯ. ನಮ್ಮ ಗಮನ ಇರುವುದು ಆ ಕೈಗಳ ಮೇಲೆ. ಕೊನೆಯ ವರ್ಷಗಳಲ್ಲಿ ಅವರ ಆರೈಕೆ ಮಾಡಿದವರಲ್ಲಿ ಎಷ್ಟೋ ಮಂದಿ 1973ರಲ್ಲಿ ಹುಟ್ಟಿಯೂ ಇರಲಿಲ್ಲ. ಅವರು ಯಾರೂ ದೇವತೆಗಳಾಗಿರಲಿಲ್ಲ. ಒಂದು ಪಾಳಿ ಇನ್ನೊಂದಕ್ಕೆ, ಒಂದು ತಲೆಮಾರು ಇನ್ನೊಂದಕ್ಕೆ ಆ ಮೈಯನ್ನು ಹೇಗೆ ಮುಟ್ಟಬೇಕೆಂದು ಹೇಳಿಕೊಟ್ಟಿರಬೇಕು. ಇಲ್ಲದಿದ್ದರೆ ಅಷ್ಟು ದೀರ್ಘಕಾಲ ಅದು ನಡೆಯುವಂತಿರಲಿಲ್ಲ. ಅಂದರೆ ಅನುರಾಗವನ್ನೂ ಕಲಿಸಬಹುದು, ಕಲಿಯಬಹುದು. ಅದಕ್ಕೆ ಜೊತೆಗಾರರು ಬೇಕು ಅಷ್ಟೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು ಅನುಭವಿ ನರ್ಸುಗಳಿಂದಲೇ: ‘ಮೊದಮೊದಲು ಹಾಗೆ, ಆರು ತಿಂಗಳಲ್ಲಿ ಎಲ್ಲ ರೂಢಿಯಾಗುತ್ತದೆ.’ ರೂಢಿಯಾಗುತ್ತದೆ, ನಿಜ. ಆದರೆ ರೂಢಿಯಲ್ಲಿ ಎರಡು ಬಗೆಯಿದೆ. ಹೇಸಿಗೆಯನ್ನು ಅರಿತು, ಅದರ ಜೊತೆಗೇ ಮುಟ್ಟಲು ಕಲಿಯುವುದು ಒಂದು. ಏನನ್ನೂ ಅರಿಯದಂತೆ ಮರಗಟ್ಟುವುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಸಿಗೆಯಲ್ಲಿರುವವನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮರಗಟ್ಟಿದ ಕೈ ಪರದೆ ಎಳೆಯುವುದನ್ನು ಮರೆಯುತ್ತದೆ, ತಣ್ಣೀರು ಹಾಕುತ್ತದೆ, ಮೈ ತೆರೆದಿಟ್ಟುಕೊಂಡೇ ಪಕ್ಕದವರೊಡನೆ ಹರಟುತ್ತದೆ. ಅಂಥ ಕೈಗಳಿಂದ ನೊಂದವರು ನಮ್ಮ ಓದುಗರಲ್ಲಿಯೂ ಇದ್ದಾರೆ. ಆ ಕೈಗಳು ಒರಟಾಗಿ ಹುಟ್ಟಿದ್ದಲ್ಲ. ಯಾವುದೋ ಒಂದು ದಿನ ಊಟ ಬಿಟ್ಟು ಮೊಗಸಾಲೆಯಲ್ಲಿ ನಿಂತಿದ್ದಾಗ ಅವರನ್ನು ಯಾರೂ ಮಾತಾಡಿಸದ್ದರಿಂದ ಹಾಗಾದವೇನೋ.

ಎರಡನೆಯ ಆಕ್ಷೇಪಣೆ ಸಮಯದ್ದು. ಸರಕಾರಿ ಆಸ್ಪತ್ರೆಗಳಲ್ಲಿ ಒಬ್ಬ ನರ್ಸಿನ ಮೇಲೆ ಹತ್ತಾರು ರೋಗಿಗಳ ಹೊರೆ. ಮೈ ತೊಳೆಯುವ ಕೆಲಸ ಬಹುಪಾಲು ಮಾವ್ಶಿಯರ, ಆಯಾಗಳ, ಮನೆಯವರ ಪಾಲಿಗೆ ಬಿಟ್ಟದ್ದು. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಲಿತದ್ದನ್ನು ವಾರ್ಡಿನಲ್ಲಿ ಹಿರಿಯರು ಮಾಡುವುದನ್ನೇ ಕಾಣುವುದಿಲ್ಲ. ಹೀಗಿರುವಾಗ ಭಾವನೆಗಳ ಮಾತಿಗೆ ಬಿಡುವೆಲ್ಲಿ? ಪ್ರಶ್ನೆ ಪ್ರಾಮಾಣಿಕವಾದುದೇ. ನರ್ಸುಗಳ ಸಂಖ್ಯೆ ಹೆಚ್ಚದೆ, ಅವರ ಸಂಬಳ ಮರ್ಯಾದೆಗೆ ತಕ್ಕಂತಾಗದೆ ಏನೂ ಸುಧಾರಿಸದು. ಆದರೆ ನಾವು ಕೇಳುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. ಮೊದಲ ಬೆಡ್ ಬಾತ್ ಆದ ದಿನ, ಮೊದಲ ಸಾವು ಕಂಡ ದಿನ, ಅಧ್ಯಾಪಕಿ ಸಹಿ ಹಾಕುವ ಮುನ್ನ ಹತ್ತು ನಿಮಿಷ ಕುಳಿತು ‘ನಿನಗೆ ಹೇಗನ್ನಿಸಿತು?’ ಎಂದು ಕೇಳಲಿ. ತನ್ನ ಮೊದಲ ದಿನ ತನಗೆ ಏನಾಗಿತ್ತು ಎಂಬುದನ್ನು ನಾಚದೆ ಹೇಳಲಿ. ಹೇಸಿಗೆಯಾಗುವುದು ಅಪರಾಧವಲ್ಲವೆಂದೂ, ಅದನ್ನು ಮುಖಕ್ಕೆ ತಾರದಿರುವುದು ಒಂದು ಕೌಶಲವೆಂದೂ, ಆ ಕೌಶಲಕ್ಕೆ ದಣಿವಾಗುತ್ತದೆಂದೂ ಪಾಠದಲ್ಲಿಯೇ ಹೇಳಲಿ. ಇಂಥ ಅಧ್ಯಾಪಕಿಯರು ಈಗಲೂ ಅಲ್ಲಲ್ಲಿ ಇದ್ದಾರೆ. ಅದು ಅವರ ಒಳ್ಳೆಯತನಕ್ಕೆ ಬಿಟ್ಟದ್ದಾಗದೆ ಪಠ್ಯದ ನಿಯಮವಾಗಲಿ.

ಇನ್ನು ಪರದೆಯ ಹೊರಗೆ ನಿಲ್ಲುವ ನಮ್ಮ ಮಾತು. ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಾದ ನಾವು ಮುಪ್ಪಿನಲ್ಲಿ ಹೆಚ್ಚಾಗಿ ಪರಭಾಷೆಯ ಕೈಗಳಿಗೆ ನಮ್ಮ ಮೈಯನ್ನು ಒಪ್ಪಿಸಬೇಕಾಗುತ್ತದೆ. ಬೆಂಗಳೂರು ಮಂಗಳೂರುಗಳಲ್ಲಿ ಕೇರಳದ, ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು ಕನ್ನಡದ ನಾಲ್ಕು ಮಾತು ಕಲಿತು ನಮ್ಮ ಬಂಧುಗಳನ್ನು ನೋಡಿಕೊಳ್ಳುತ್ತಾರೆ. ಇಲ್ಲಿ ನಮ್ಮನ್ನು ಮರಾಠಿ, ತಮಿಳು, ತೆಲುಗು ಆಡುವವರು ನೋಡಿಕೊಳ್ಳುತ್ತಾರೆ. ದೇಹದ ಅತ್ಯಂತ ಖಾಸಗಿ ಅಗತ್ಯಗಳಿಗೆ ನಮ್ಮ ನುಡಿಯಲ್ಲಿ ಮರೆಮಾತುಗಳೇ ಹೆಚ್ಚು: ಬಹಿರ್ದೆಸೆ, ಜಲಬಾಧೆ, ಒಂದಕ್ಕೆ, ಎರಡಕ್ಕೆ. ನಮ್ಮ ಹಿರಿಯರೊಬ್ಬರು ಆಸ್ಪತ್ರೆ ಸೇರಿದಾಗ ಅವರು ಬಳಸುವ ಇಂಥ ಹತ್ತು ಮಾತುಗಳನ್ನೂ ಅವುಗಳ ಅರ್ಥವನ್ನೂ ಅಲ್ಲಿನ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸುವುದು ಸಾಹಿತ್ಯ ಬಳಗಕ್ಕೆ ಕಷ್ಟದ ಕೆಲಸವಲ್ಲ. ನಾವು ಮೊದಲೇ ಅದನ್ನು ಮಾಡಿದ್ದರೆ ಮೇಷ್ಟ್ರಿಗೆ ಆ ರಾತ್ರಿ ಬರುತ್ತಿರಲಿಲ್ಲ. ಕಲಿಯಲು ಬಂದ ಹುಡುಗಿಯ ಹೆಸರು ಕೇಳುವುದು, ರೋಗಿಯ ಹೆಸರನ್ನು ಅವಳಿಗೆ ಹೇಳುವುದು, ಮೂಗು ಮುಚ್ಚದೆ ನಿಲ್ಲುವುದು, ‘ನಾನು ಒಂದು ಬದಿ ಹಿಡಿದುಕೊಳ್ಳಲೇ’ ಎನ್ನುವುದು, ಇವುಗಳಿಗೂ ಹಣ ಬೇಕಾಗಿಲ್ಲ.

‘ಶುಶ್ರೂಷೆ’ ಎಂಬ ಮಾತಿನ ಮೂಲ ‘ಶ್ರು’ ಧಾತು. ಅದರ ಮೊದಲ ಅರ್ಥ ಕೇಳಬೇಕೆಂಬ ಬಯಕೆ. ಸೇವೆ ಎಂಬ ಅರ್ಥ ಆಮೇಲೆ ಬೆಳೆದದ್ದು. ರೋಗಿಯ ಮಾತನ್ನು ಕೇಳುವ ಬಯಕೆಯನ್ನು ನಾವು ವಿದ್ಯಾರ್ಥಿಗಳಲ್ಲಿ ನಿರೀಕ್ಷಿಸುತ್ತೇವೆ, ಅದು ನ್ಯಾಯವೇ. ಆದರೆ ಯಾರೂ ಕೇಳಿಸಿಕೊಳ್ಳದ ಹುಡುಗಿ ಇನ್ನೊಬ್ಬರನ್ನು ಎಷ್ಟು ದಿನ ಕೇಳಿಸಿಕೊಂಡಾಳು?

ಮೇಷ್ಟ್ರು ಮೂರು ವಾರದ ಮೇಲೆ ಮನೆಗೆ ಬಂದರು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಆಸ್ಪತ್ರೆಯಿಂದ ಹೊರಡುವ ದಿನ ಅವರು ಆ ಹುಡುಗಿಯನ್ನು ಹುಡುಕಿಸಿದರು. ಅವಳ ಪಾಳಿ ಬೇರೆ ವಾರ್ಡಿಗೆ ಬದಲಾಗಿತ್ತು. ಹುಡುಕಿ ಕರೆದುಕೊಂಡು ಬಂದೆವು. ಮೇಷ್ಟ್ರು ಕೈಮುಗಿಯಲು ಹೋದರು. ಅವಳು ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ‘ಅವತ್ತು ನಿನಗೆ ಬಹಳ ಕಷ್ಟವಾಯಿತೇನಮ್ಮಾ?’ ಎಂದು ಅವರು ಕೇಳಿದರು. ನಾವಾರೂ ಕೇಳದ ಪ್ರಶ್ನೆ ಅದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೌದ್ರಿ ಮುತ್ಯಾ’ ಎಂದಳು. ಆಮೇಲೆ ಇಬ್ಬರೂ ನಕ್ಕರು.